ಸಿಡುಬು ಮತ್ತು ದಡಾರವನ್ನು ಬೇರ್ಪಡಿಸಿದ ಹಕೀಮ್: ಅಬೂಬಕರ್ ಅರ್ರಾಝೀ

ಮಗುವಿನ ಮೈಮೇಲೆ ಜ್ವರದ ಜೊತೆ ಗುಳ್ಳೆಗಳು ಎದ್ದರೆ ನಮ್ಮ ಮನೆಗಳಲ್ಲಿ ಹಲವು ಹೆಸರುಗಳು ಕೇಳಿಬರುತ್ತವೆ. ಉರ್ದು ಮಾತನಾಡುವ ಅಜ್ಜಿ ಚೇಚಕ್ ಎನ್ನುತ್ತಾರೆ, ಇಲ್ಲವೇ ಛೋಟೀ ಮಾತಾ ಎನ್ನುತ್ತಾರೆ. ಪಕ್ಕದ ಮನೆಯವರು ಅಮ್ಮ ಬಂದಿದೆ ಎನ್ನುತ್ತಾರೆ. ಕೆಂಪು ದದ್ದು ಮಾತ್ರ ಇದ್ದರೆ ಖಸ್ರಾ ಅಥವಾ ದಡಾರ. ನೀರು ತುಂಬಿದ ಗುಳ್ಳೆಯಾದರೆ ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್. ಹಿಂದೆ ಇದ್ದು ಈಗ ಭೂಮಿಯ ಮೇಲೆಯೇ ಇಲ್ಲವಾದದ್ದು ದೊಡ್ಡ ಸಿಡುಬು, ಬಡೀ ಮಾತಾ. ಇವು ಬೇರೆ ಬೇರೆ ಕಾಯಿಲೆಗಳು ಎಂಬುದು ಇಂದು ಐದನೇ ತರಗತಿಯ ಮಗುವಿಗೂ ಗೊತ್ತಿರಬಹುದು. ಆದರೆ ಒಂದು ಕಾಲದಲ್ಲಿ ದೊಡ್ಡ ದೊಡ್ಡ ವೈದ್ಯರೂ ಇವನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದರು. ಆ ಗಂಟನ್ನು ಬಿಚ್ಚಲು ಕುಳಿತು, ಅದಕ್ಕಾಗಿಯೇ ಒಂದು ಪ್ರತ್ಯೇಕ ಪುಸ್ತಕ ಬರೆದವರು ಇರಾನಿನ ಹಕೀಮ್ ಅಬೂಬಕರ್ ಮುಹಮ್ಮದ್ ಇಬ್ನ್ ಝಕರಿಯ್ಯಾ ಅರ್ರಾಝೀ. ಯುರೋಪಿನವರು ಅವರನ್ನು ರೇಝಸ್ ಎಂದು ಕರೆದರು.

ಇಂದಿನ ಟೆಹರಾನ್ ನಗರಕ್ಕೆ ಅಂಟಿಕೊಂಡಂತಿರುವ ರೈ ಎಂಬ ಪ್ರಾಚೀನ ಪಟ್ಟಣದಲ್ಲಿ ಅವರು ಹುಟ್ಟಿದರು. ರೈ ಊರಿನವರು ಎಂಬುದೇ ರಾಝೀ ಎಂಬ ಹೆಸರಿನ ಅರ್ಥ. ಮಹಾ ವಿದ್ವಾಂಸ ಅಲ್ ಬಿರೂನೀ ನಂತರದ ಕಾಲದಲ್ಲಿ ರಾಝೀಯವರ ಕೃತಿಗಳ ಪಟ್ಟಿಯೊಂದನ್ನು ತಯಾರಿಸಿದಾಗ ಅವರ ಜನನವನ್ನು ಹಿಜರಿ 251ರ ಶಾಬಾನ್ ತಿಂಗಳು ಎಂದು ದಾಖಲಿಸಿದರು. ಕ್ರಿಸ್ತಶಕದ ಲೆಕ್ಕದಲ್ಲಿ ಅದು 865. ಯೌವನದಲ್ಲಿ ಅವರು ಊದ್ ಎಂಬ ತಂತಿವಾದ್ಯ ನುಡಿಸುತ್ತಿದ್ದರೆಂದು ಜೀವನಚರಿತ್ರೆಗಳು ಹೇಳುತ್ತವೆ. ನಾಣ್ಯ ವಿನಿಮಯದ ವ್ಯಾಪಾರ ಮಾಡುತ್ತಿದ್ದರೆಂಬ ಮಾತೂ ಇದೆ. ಆಮೇಲೆ ರಸವಿದ್ಯೆಯ ಗೀಳು ಹಿಡಿಯಿತು. ಕುಲುಮೆಯ ಬೆಂಕಿ, ಹೊಗೆ, ಕಟುವಾದ ಆವಿಗಳ ನಡುವೆ ಕುಳಿತು ಕಣ್ಣಿಗೆ ತೊಂದರೆಯಾಯಿತು, ಆ ಕಣ್ಣಿನ ಚಿಕಿತ್ಸೆಯ ನೆಪದಲ್ಲೇ ವೈದ್ಯಶಾಸ್ತ್ರದ ಕಡೆ ಹೊರಳಿದರು ಎಂದು ಬಿರೂನೀ ಬರೆಯುತ್ತಾರೆ. ಹಾಗೆ ಹೊರಳಿದಾಗ ಅವರು ಎಳೆಯ ಹುಡುಗನಾಗಿರಲಿಲ್ಲ, ವಯಸ್ಸು ಮೂವತ್ತರ ಆಚೀಚೆ ಇತ್ತು ಎಂದು ಹೇಳಲಾಗುತ್ತದೆ. ಹತ್ತನೇ ತರಗತಿಯಲ್ಲಿ ಒಂದು ವರ್ಷ ಹಿಂದೆ ಬಿದ್ದರೆ ಓದು ಮುಗಿಯಿತೆಂದು ಪುಸ್ತಕ ಮಡಚಿಡುವ ನಮ್ಮ ವಿದ್ಯಾರ್ಥಿಗಳು ಈ ಸಾಲನ್ನು ಎರಡು ಸಲ ಓದಲಿ ಎಂಬುದು ನನ್ನ ಆಸೆ.

ರಸವಿದ್ಯೆಯ ದಿನಗಳೂ ವ್ಯರ್ಥವಾಗಲಿಲ್ಲ. ಕಿತಾಬುಲ್ ಅಸ್ರಾರ್ ಎಂಬ ಕೃತಿಯಲ್ಲಿ ಅವರು ಪದಾರ್ಥಗಳನ್ನು ಪ್ರಾಣಿಜನ್ಯ, ಸಸ್ಯಜನ್ಯ, ಖನಿಜ ಎಂದು ವಿಂಗಡಿಸಿದರು. ವಿಂಗಡಿಸುವುದು, ಒಂದರಿಂದ ಇನ್ನೊಂದನ್ನು ಪ್ರತ್ಯೇಕಿಸಿ ನೋಡುವುದು ಅವರ ಬುದ್ಧಿಯ ಸ್ವಭಾವವೇ ಆಗಿತ್ತು.

ರೈ ಪಟ್ಟಣದ ಆಸ್ಪತ್ರೆಗೆ ಅವರು ಮುಖ್ಯಸ್ಥರಾದರು. ಅಲ್ಲಿನ ರಾಜ್ಯಪಾಲ ಮನ್ಸೂರ್ ಇಬ್ನ್ ಇಸ್‌ಹಾಕ್‌ಗೆ ಅರ್ಪಿಸಿ ಕಿತಾಬುಲ್ ಮನ್ಸೂರೀ ಎಂಬ ವೈದ್ಯಗ್ರಂಥ ಬರೆದರು. ಬಗ್ದಾದಿನ ಆಸ್ಪತ್ರೆಗೂ ಮುಖ್ಯಸ್ಥರಾಗಿದ್ದರು. ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಹುಡುಕುವಾಗ ನಗರದ ಬೇರೆ ಬೇರೆ ಕಡೆ ಮಾಂಸದ ತುಂಡುಗಳನ್ನು ನೇತುಹಾಕಿಸಿ, ಎಲ್ಲಿ ಮಾಂಸ ತಡವಾಗಿ ಕೆಟ್ಟಿತೋ ಆ ಜಾಗವನ್ನೇ ಆರಿಸಿದರೆಂಬ ಕಥೆ ಬಹಳ ಪ್ರಸಿದ್ಧ. ಭಾಷಣಗಳಲ್ಲಿ ಇದನ್ನು ಅಝುದೀ ಆಸ್ಪತ್ರೆಯ ಹೆಸರಿನೊಂದಿಗೆ ಹೇಳುವುದುಂಟು. ಆದರೆ ಆ ಆಸ್ಪತ್ರೆ ಆರಂಭವಾದದ್ದು ಸುಮಾರು 982ರಲ್ಲಿ, ರಾಝೀ ತೀರಿಕೊಂಡು ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಹಳೆಯ ಆಸ್ಪತ್ರೆಯೊಂದಕ್ಕೆ ಸಂಬಂಧಿಸಿದ ಘಟನೆ ಹೊಸದಕ್ಕೆ ಅಂಟಿಕೊಂಡಿರಬಹುದು. ನಮ್ಮ ಹಿರಿಯರ ಸಾಧನೆಯನ್ನು ಹೇಳುವಾಗ ಇಸವಿಗಳನ್ನು ಹೊಂದಿಸಿ ನೋಡಿಕೊಂಡೇ ಹೇಳುವುದು ಒಳ್ಳೆಯದು. ಹೊಗಳಿಕೆಗೆ ಬೇಕಾದಷ್ಟು ನಿಜವೇ ಅವರ ಬಳಿ ಇದೆ.

ಅವರ ಪಾಠದ ವಿಧಾನವನ್ನು ಇಬ್ನ್ ನದೀಮ್ ತಮ್ಮ ಫಿಹ್ರಿಸ್ತ್ ಗ್ರಂಥದಲ್ಲಿ ವಿವರಿಸಿದ್ದಾರೆ. ರಾಝೀ ನಡುವೆ ಕುಳಿತರೆ ಸುತ್ತ ಅವರ ಶಿಷ್ಯರು, ಅವರ ಸುತ್ತ ಆ ಶಿಷ್ಯರ ಶಿಷ್ಯರು, ಅದರ ಹೊರಗೆ ಇನ್ನೂ ಹೊಸಬರು. ರೋಗಿ ಬಂದರೆ ಮೊದಲು ಹೊರಗಿನ ಸಾಲಿನ ಹೊಸಬರಿಗೆ ತನ್ನ ಬಾಧೆ ಹೇಳಬೇಕು. ಅವರಿಗೆ ತಿಳಿದರೆ ಸರಿ, ಇಲ್ಲವಾದರೆ ಒಳಗಿನ ಸಾಲಿಗೆ. ಅವರಿಗೂ ತೋಚದಿದ್ದರೆ ಮಾತ್ರ ರಾಝೀ ಬಾಯಿ ತೆರೆಯುತ್ತಿದ್ದರು. ಬಿ.ಎಡ್. ತರಗತಿಗಳಲ್ಲಿ ವಿದ್ಯಾರ್ಥಿ ಕೇಂದ್ರಿತ ಬೋಧನೆ ಎಂದು ನಾವು ಟಿಪ್ಪಣಿ ಬರೆದುಕೊಂಡದ್ದು ಇದನ್ನೇ ಅಲ್ಲವೇ? ಮೇಷ್ಟ್ರು ಮೊದಲೇ ಉತ್ತರ ಹೇಳಿಬಿಟ್ಟರೆ ಹಿಂದಿನ ಬೆಂಚಿನವನು ಯೋಚಿಸುವುದಾದರೂ ಯಾವಾಗ?

ಬಡವರ ಬಗ್ಗೆ ಅವರಿಗೆ ವಿಶೇಷ ಕರುಣೆ ಇತ್ತು. ಬಡ ರೋಗಿಗಳಿಗೆ ಕೈಯಿಂದ ಹಣ ಕೊಟ್ಟು ಶುಶ್ರೂಷೆ ಮಾಡುತ್ತಿದ್ದರೆಂದು ಅದೇ ಇಬ್ನ್ ನದೀಮ್ ಹೇಳುತ್ತಾರೆ. ಹತ್ತಿರದಲ್ಲಿ ವೈದ್ಯರೇ ಸಿಗದವರಿಗಾಗಿ, ಸುಲಭವಾಗಿ ಸಿಗುವ ಆಹಾರ ಮತ್ತು ಔಷಧಗಳನ್ನು ತಿಳಿಸುವ ಪುಸ್ತಕವೊಂದನ್ನೂ ಅವರು ಬರೆದರು. ಮಕ್ಕಳ ಕಾಯಿಲೆಗಳ ಬಗ್ಗೆ ಅವರದೆಂದು ಹೇಳಲಾಗುವ ಪುಟ್ಟ ಗ್ರಂಥವೊಂದು ಲ್ಯಾಟಿನ್ ಮತ್ತು ಹೀಬ್ರೂ ಭಾಷೆಗಳಲ್ಲಿ ಉಳಿದು ಬಂದಿದೆ. ಹಲ್ಲು ಬರುವಾಗಿನ ತೊಂದರೆ, ಭೇದಿ, ಕಿವಿನೋವು, ಹೊಟ್ಟೆಹುಳು ಮುಂತಾದವು ಅದರಲ್ಲಿ ಬರುತ್ತವೆ. ಮಕ್ಕಳ ಕಾಯಿಲೆಗಳಿಗಾಗಿಯೇ ಬರೆದ ಪುಸ್ತಕಗಳಲ್ಲಿ ಇದು ಬಹಳ ಹಳೆಯದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಪುಸ್ತಕದ ಹೆಸರು ಕಿತಾಬುಲ್ ಜುದರೀ ವಲ್ ಹಸ್ಬಾ. ಜುದರೀ ಎಂದರೆ ಸಿಡುಬು, ಹಸ್ಬಾ ಎಂದರೆ ದಡಾರ. ಹದಿನಾಲ್ಕು ಅಧ್ಯಾಯಗಳ ಚಿಕ್ಕ ಪುಸ್ತಕ. ಆ ಕಾಲದಲ್ಲಿ ಸಿಡುಬನ್ನು ತಪ್ಪಿಸಿಕೊಂಡು ಬೆಳೆದ ಮಗು ಅಪರೂಪ. ಬದುಕಿದರೆ ಮುಖದ ತುಂಬ ಕಲೆ, ಅದೃಷ್ಟ ಕೆಟ್ಟರೆ ಕಣ್ಣು ಹೋಗುತ್ತಿತ್ತು, ಇನ್ನೂ ಕೆಟ್ಟರೆ ಪ್ರಾಣವೇ. ಗ್ರೀಕ್ ವೈದ್ಯ ಗೆಲೆನ್ ಅಂದರೆ ಜಾಲೀನೂಸ್ ಹೇಳಿದ್ದೇ ಅಂತಿಮ ಎಂದು ಎಲ್ಲರೂ ನಂಬಿದ್ದ ದಿನಗಳವು. ರಾಝೀ ಮೊದಲು ಮಾಡಿದ ಕೆಲಸವೆಂದರೆ ಗೆಲೆನ್ ಸಿಡುಬಿನ ಬಗ್ಗೆ ಏನು ಹೇಳಿದ್ದಾನೆ ಎಂದು ಹುಡುಕಿದ್ದು. ಅಲ್ಲಲ್ಲಿ ಹೆಸರು ಬಂದಿದೆ, ಆದರೆ ಕಾರಣವನ್ನಾಗಲಿ ಸಾಕಷ್ಟು ಚಿಕಿತ್ಸೆಯನ್ನಾಗಲಿ ಹೇಳಿಲ್ಲ ಎಂದು ಕಂಡುಕೊಂಡರು. ಗೆಲೆನ್‌ನ ಬೇರೆ ಪುಸ್ತಕಗಳಲ್ಲಿ ಏನಾದರೂ ಇದ್ದೀತೇ ಎಂದು ಗ್ರೀಕ್ ಮತ್ತು ಸಿರಿಯಾಕ್ ಬಲ್ಲವರನ್ನೂ ವಿಚಾರಿಸಿದರು. ಯಾರಿಂದಲೂ ಹೆಚ್ಚಿನದು ಸಿಗಲಿಲ್ಲ. ಆಮೇಲೆ ತಮ್ಮ ರೋಗಿಗಳ ಹಾಸಿಗೆಯ ಬಳಿ ತಾವು ಕಂಡದ್ದನ್ನು ಬರೆಯಲು ಕುಳಿತರು.

ಗುಳ್ಳೆ ಏಳುವ ಮೊದಲೇ ಸಿಡುಬನ್ನು ಗುರುತಿಸುವುದು ಹೇಗೆಂದು ಅವರು ಹೇಳಿಕೊಟ್ಟರು. ಬಿಡದ ಜ್ವರ, ಬೆನ್ನುನೋವು, ಮೂಗಿನಲ್ಲಿ ತುರಿಕೆ, ನಿದ್ದೆಯಲ್ಲಿ ಬೆಚ್ಚಿ ಬೀಳುವುದು, ತಲೆ ಭಾರ, ಕಣ್ಣು ಕೆನ್ನೆ ಕೆಂಪಾಗುವುದು. ದಡಾರದಲ್ಲಿ ಚಡಪಡಿಕೆ, ವಾಕರಿಕೆ, ಸಂಕಟ ಹೆಚ್ಚು. ಬೆನ್ನುನೋವು ಸಿಡುಬಿನ ವಿಶೇಷ ಲಕ್ಷಣ. ಇದು ಓದಲು ಸಣ್ಣ ವಿಷಯದಂತೆ ಕಾಣುತ್ತದೆ. ಪ್ರಯೋಗಾಲಯ, ಸೂಕ್ಷ್ಮದರ್ಶಕ, ರಕ್ತಪರೀಕ್ಷೆ ಯಾವುದೂ ಇಲ್ಲದ ಕಾಲದಲ್ಲಿ, ನೂರಾರು ರೋಗಿಗಳ ಪಕ್ಕ ಕುಳಿತು ಈ ಮಗುವಿಗೆ ಬೆನ್ನು ನೋಯುತ್ತದೆ, ಆ ಮಗುವಿಗೆ ವಾಕರಿಕೆ ಬರುತ್ತದೆ ಎಂದು ಗಮನಿಸುತ್ತ ಹೋಗುವುದಕ್ಕೆ ಎಷ್ಟು ತಾಳ್ಮೆ ಬೇಕು!

ಯಾವ ಗುಳ್ಳೆಗೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದನ್ನೂ ಅವರು ಬರೆದರು. ಬಿಳಿಯಾಗಿ, ದೊಡ್ಡದಾಗಿ, ಒಂದಕ್ಕೊಂದು ಅಂಟದೆ, ಸಂಖ್ಯೆಯಲ್ಲಿ ಕಡಿಮೆ ಇದ್ದರೆ ಒಳ್ಳೆಯದು. ಒಂದರೊಳಗೊಂದು ಕೂಡಿಕೊಂಡು, ಗಟ್ಟಿಯಾಗಿ, ಹಸಿರು ಅಥವಾ ನೇರಳೆ ಬಣ್ಣಕ್ಕೆ ತಿರುಗಿದರೆ ಅಪಾಯ. ಗುಳ್ಳೆ ಎದ್ದ ಮೇಲೂ ಜ್ವರ ಏರುತ್ತಲೇ ಹೋದರೆ ಅದೂ ಕೆಟ್ಟ ಸೂಚನೆ.

ಆರೈಕೆಯ ಭಾಗದಲ್ಲಿ ಅವರ ಗಮನವೆಲ್ಲ ಮೊದಲು ಹೋಗುವುದು ಕಣ್ಣಿನ ಕಡೆಗೆ. ಲಕ್ಷಣ ಕಂಡ ಕೂಡಲೇ ಕಣ್ಣಿಗೆ ಆಗಾಗ ಗುಲಾಬಿ ನೀರು ಬಿಡಬೇಕು, ದಿನಕ್ಕೆ ಹಲವು ಸಲ ತಣ್ಣೀರಿನಿಂದ ಮುಖ ತೊಳೆಯಬೇಕು ಎಂದರು. ಗಂಟಲಿಗೆ ದಾಳಿಂಬೆ ರಸದಿಂದ ಬಾಯಿ ಮುಕ್ಕಳಿಸುವುದು. ಕಿವಿ, ಮೂಗು, ಕೀಲುಗಳ ರಕ್ಷಣೆಗೆ ಬೇರೆ ಬೇರೆ ಉಪಾಯ. ಗುಳ್ಳೆಗಳು ಒಡೆದು ಮೈ ಹಸಿಯಾದರೆ ತೆಳುವಾದ ಬಟ್ಟೆಯ ಹಾಸಿಗೆಯಲ್ಲಿ ಅಕ್ಕಿ ಹಿಟ್ಟನ್ನೋ ನವಣೆಯಂಥ ಕಿರುಧಾನ್ಯದ ಹಿಟ್ಟನ್ನೋ ತುಂಬಿ ಅದರ ಮೇಲೆ ಮಲಗಿಸಬೇಕು. ನೋವಿನಿಂದ ಮಗ್ಗುಲು ಬದಲಿಸಲಾರದ ಮಗುವಿನ ಬೆನ್ನಿಗೆ ಏನು ಹಾಸಬೇಕೆಂದು ಯೋಚಿಸಿದ ವೈದ್ಯರು ಅವರು. ಇವುಗಳಲ್ಲಿ ಯಾವುದನ್ನೂ ಇಂದು ಮನೆಯಲ್ಲಿ ಪ್ರಯೋಗಿಸಬಾರದು. ಮಗುವಿನ ಕಣ್ಣಿಗೆ ವೈದ್ಯರು ಹೇಳದ ಯಾವ ಹನಿಯನ್ನೂ ಹಾಕಕೂಡದು.

ರೋಗದ ಕಾರಣದ ಬಗ್ಗೆ ಅವರ ವಿವರಣೆ ಮಾತ್ರ ಇಂದು ನಿಲ್ಲುವುದಿಲ್ಲ. ಎಳೆಯ ಮಕ್ಕಳ ರಕ್ತ ಆಗ ತಾನೇ ಹಿಂಡಿದ ಹಣ್ಣಿನ ರಸದಂತೆ, ಬೆಳೆಯುವಾಗ ಅದು ಉಕ್ಕಿ ಹುದುಗಬೇಕು, ಆ ಹುದುಗುವಿಕೆಯೇ ಸಿಡುಬಾಗಿ ಹೊರಬೀಳುತ್ತದೆ ಎಂದು ಅವರು ಭಾವಿಸಿದ್ದರು. ಮಕ್ಕಳಿಗೇ ಏಕೆ ಹೆಚ್ಚು, ಒಮ್ಮೆ ಬಂದವರಿಗೆ ಮತ್ತೆ ಏಕೆ ಬರುವುದಿಲ್ಲ ಎಂಬ ಎರಡು ಪ್ರಶ್ನೆಗಳಿಗೂ ಈ ಒಂದು ವಿವರಣೆಯಿಂದ ಉತ್ತರ ಸಿಗುತ್ತಿತ್ತು. ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎಂಬ ಮಾತಿಗೆ ಅದರಲ್ಲಿ ಜಾಗವಿರಲಿಲ್ಲ. ವೈರಸ್ ಎಂಬುದನ್ನು ಮನುಷ್ಯ ಅರಿಯಲು ಇನ್ನೂ ಸಾವಿರ ವರ್ಷ ಬೇಕಿತ್ತು. ಉತ್ತರ ತಪ್ಪಾದರೂ ಆ ಎರಡು ಪ್ರಶ್ನೆಗಳು ಸರಿಯಾಗಿದ್ದವು.

ಹಾಗಾದರೆ ನಮ್ಮ ಮಕ್ಕಳಿಗೆ ಇಂದೂ ಬರುವ ಸೀತಾಳೆ ಸಿಡುಬು ಎಲ್ಲಿ? ರಾಝೀಯವರ ಪುಸ್ತಕದ ಹೆಸರಿನಲ್ಲಿ ಎರಡೇ ಕಾಯಿಲೆಗಳಿವೆ. ಮೂರನೆಯದನ್ನು ಸ್ಪಷ್ಟವಾಗಿ ಬೇರ್ಪಡಿಸಿದ ಕೀರ್ತಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಅವರಿಗೆ ಸಲ್ಲುತ್ತದೆ. ಅವರು ಆ ವಿಷಯ ಮಂಡಿಸಿದ್ದು 1767ರಲ್ಲಿ. ಅದರ ಹಿಂದಿನ ವರ್ಷವಷ್ಟೇ, 1766ರಲ್ಲಿ, ಅದೇ ಲಂಡನ್ನಿನಲ್ಲಿ ಜಾನ್ ಚಾನಿಂಗ್ ಎಂಬವರು ರಾಝೀಯವರ ಪುಸ್ತಕದ ಅರಬೀ ಮೂಲವನ್ನು ಲ್ಯಾಟಿನ್ ಅನುವಾದದೊಂದಿಗೆ ಅಚ್ಚು ಹಾಕಿಸಿದ್ದರು. ಎಂಟುನೂರು ವರ್ಷ ದಾಟಿದ ಮೇಲೂ ಅದು ವೈದ್ಯರು ಓದುವ ಪುಸ್ತಕವಾಗಿತ್ತು. 1848ರಲ್ಲಿ ಗ್ರೀನ್‌ಹಿಲ್ ಅದನ್ನು ಇಂಗ್ಲಿಷಿಗೆ ತಂದರು.

ಬೇರ್ಪಡಿಸುವುದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ದೊಡ್ಡ ಸಿಡುಬಿನಲ್ಲಿ ಒಂದು ಭಾಗದ ಗುಳ್ಳೆಗಳೆಲ್ಲ ಒಂದೇ ಹಂತದಲ್ಲಿ ಇರುತ್ತಿದ್ದವು, ಮುಖ ಮತ್ತು ಕೈಕಾಲುಗಳಲ್ಲಿ ಹೆಚ್ಚು. ಸೀತಾಳೆ ಸಿಡುಬಿನಲ್ಲಿ ಎದೆ ಬೆನ್ನಿನಲ್ಲಿ ಹೆಚ್ಚು, ಒಂದು ಕಡೆ ಹೊಸ ಗುಳ್ಳೆ ಏಳುತ್ತಿರುವಾಗಲೇ ಪಕ್ಕದಲ್ಲಿ ಹಳೆಯದು ಹಕ್ಕಳೆಗಟ್ಟಿರುತ್ತದೆ. ಸಿಡುಬಿನ ನಿರ್ಮೂಲನದ ದಿನಗಳಲ್ಲಿ ಕಾರ್ಯಕರ್ತರು ಹಳ್ಳಿಹಳ್ಳಿ ಸುತ್ತುವಾಗ ಈ ವ್ಯತ್ಯಾಸವನ್ನು ನೋಡಿಯೇ ನಿರ್ಧರಿಸಬೇಕಿತ್ತು. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. ಅದೇ ವರ್ಷ ಬಾಂಗ್ಲಾದೇಶದ ಭೋಲಾ ದ್ವೀಪದ ಪುಟ್ಟ ಹುಡುಗಿಯೊಬ್ಬಳಿಗೆ ಏಷ್ಯಾದ ಕೊನೆಯ ಸಿಡುಬು ಬಂತು, ಅವಳು ಬದುಕಿದಳು. 1977ರಲ್ಲಿ ಸೊಮಾಲಿಯಾದ ಆಸ್ಪತ್ರೆಯೊಂದರ ಅಡುಗೆಯವರಾದ ಅಲೀ ಮಾವ್ ಮಾಲಿನ್ ಅವರಿಗೆ ಬಂದದ್ದೇ ಸಹಜವಾಗಿ ಅಂಟಿದ ಕೊನೆಯ ಸಿಡುಬು. ಅವರೂ ಬದುಕಿ, ಮುಂದೆ ಪೋಲಿಯೋ ಲಸಿಕೆಯ ಪ್ರಚಾರಕರಾಗಿ ದುಡಿದರು. 1980ರಲ್ಲಿ ಸಿಡುಬು ಲೋಕದಿಂದ ತೊಲಗಿತೆಂದು ಘೋಷಣೆಯಾಯಿತು.

ಸೀತಾಳೆ ಸಿಡುಬು ಮತ್ತು ದಡಾರ ಉಳಿದಿವೆ. ಸೀತಾಳೆ ಸಿಡುಬು ಸೋಂಕು ತಗುಲಿದ 10ರಿಂದ 21 ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲ ಗುಳ್ಳೆಗಳೂ ಹಕ್ಕಳೆಗಟ್ಟುವವರೆಗೆ ಇತರರಿಗೆ ಹರಡುತ್ತದೆ. ಆದ್ದರಿಂದ ಅಲ್ಲಿಯವರೆಗೆ ಮಗುವನ್ನು ಶಾಲೆಗೆ, ಮದ್ರಸಾಗೆ ಕಳಿಸಬಾರದು. ಹಾಜರಿ ಹೋಗುತ್ತದೆಂದು ಗುಳ್ಳೆಯ ಮೇಲೆ ಫುಲ್ ಶರ್ಟ್ ಹಾಕಿ ಕಳಿಸುವ ಪಾಲಕರಿಗೂ ಇದೇ ಮಾತು. ಉಗುರು ಕತ್ತರಿಸಿಡಿ. ಸ್ನಾನ ಮಾಡಿಸಬಾರದೆಂಬ ನಂಬಿಕೆಗೆ ವೈದ್ಯಕೀಯ ಆಧಾರವಿಲ್ಲ, ಉಗುರು ಬೆಚ್ಚಗಿನ ನೀರಿನ ಸ್ನಾನದಿಂದ ತುರಿಕೆಯೂ ಕಡಿಮೆಯಾಗುತ್ತದೆ. ಜ್ವರಕ್ಕೆಂದು ಮಕ್ಕಳಿಗೆ ಆಸ್ಪಿರಿನ್ ಮಾತ್ರೆಯನ್ನು ಖಂಡಿತ ಕೊಡಬಾರದು, ಮಿದುಳು ಮತ್ತು ಯಕೃತ್ತಿಗೆ ಹಾನಿ ಮಾಡುವ ಅಪಾಯಕಾರಿ ತೊಂದರೆ ಬರಬಹುದು. ಸಾಮಾನ್ಯವಾಗಿ ಮಕ್ಕಳಲ್ಲಿ ಇದು ತಾನೇ ವಾಸಿಯಾಗುತ್ತದೆ. ಆದರೆ ಹೆರಿಗೆಯ ಹೊತ್ತಿಗೆ ತಾಯಿಗೆ ಬಂದರೆ ಹುಟ್ಟಿದ ಹಸುಗೂಸಿಗೆ ಪ್ರಾಣಾಪಾಯವಾಗಬಹುದು. ಗರ್ಭಿಣಿಯರು ಇರುವ ಮನೆಯಲ್ಲಿ ಮಗುವಿಗೆ ಗುಳ್ಳೆ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಇದಕ್ಕೆ ಜಪಾನಿನ ವೈದ್ಯ ಮಿಚಿಯಾಕಿ ತಕಹಾಶಿ 1974ರಲ್ಲಿ ಲಸಿಕೆ ರೂಪಿಸಿದರು. ತಮ್ಮ ಪುಟ್ಟ ಮಗ ಈ ಕಾಯಿಲೆಯಿಂದ ನರಳಿದ್ದನ್ನು ಕಂಡದ್ದೇ ಅವರಿಗೆ ಪ್ರೇರಣೆ.

ದಡಾರದ ಲಸಿಕೆಯಂತೂ ಸರ್ಕಾರದಿಂದ ಉಚಿತ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ದೇಶದಲ್ಲಿ ಮೊದಲು ಆರಂಭವಾದ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ಮೊಬೈಲುಗಳಲ್ಲಿ ಎಂತೆಂಥ ವದಂತಿಗಳು ಹರಿದಾಡಿದವು! ಲಸಿಕೆಯ ದಿನ ಮಕ್ಕಳನ್ನು ಶಾಲೆಗೇ ಕಳಿಸದ ಪಾಲಕರಿದ್ದರು, ಅವರಲ್ಲಿ ನಮ್ಮ ಸಮುದಾಯದವರೂ ಇದ್ದರು. ದಡಾರ ಯಾವುದು, ಸಿಡುಬು ಯಾವುದು ಎಂದು ಜಗತ್ತಿಗೆ ಮೊದಲು ಪುಸ್ತಕ ಬರೆದು ತಿಳಿಸಿದ ಹಕೀಮರ ಹೆಸರನ್ನು ಜಲ್ಸಾಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡು, ಮರುದಿನ ಮಗುವಿನ ಲಸಿಕೆ ತಪ್ಪಿಸುವುದು ನನಗೆ ಅರ್ಥವಾಗದ ಸಂಗತಿ.

ಕೇಳಿದ್ದನ್ನೆಲ್ಲ ನಂಬುವ ಸ್ವಭಾವ ರಾಝೀಯವರದಾಗಿರಲಿಲ್ಲ. ಮಿದುಳಿನ ಪೊರೆಯ ಉರಿಯೂತದ ಲಕ್ಷಣ ಕಂಡಾಗ ರಕ್ತ ತೆಗೆಯುವುದು ನಿಜವಾಗಿ ಪ್ರಯೋಜನಕಾರಿಯೇ ಎಂದು ತಿಳಿಯಲು, ಒಂದು ಗುಂಪಿಗೆ ರಕ್ತ ತೆಗೆದು, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟು, ಎರಡನ್ನೂ ಹೋಲಿಸಿದ್ದಾಗಿ ಅವರ ಟಿಪ್ಪಣಿಗಳಲ್ಲಿದೆ. ಇಂದಿನ ಔಷಧ ಪರೀಕ್ಷೆಗಳ ಹಿಂದಿರುವ ಯೋಚನೆಯೂ ಇದೇ. ಗುರುವಿನಂತೆ ಗೌರವಿಸಿದ ಗೆಲೆನ್‌ನ ಬಗ್ಗೆಯೇ ಸಂದೇಹಗಳು ಎಂಬ ಅರ್ಥದ ಶೀರ್ಷಿಕೆಯ ಪುಸ್ತಕ ಬರೆದರು. ಧರ್ಮ ಮತ್ತು ತತ್ವಶಾಸ್ತ್ರದ ವಿಷಯದಲ್ಲಿ ಅವರದೆಂದು ಹೇಳಲಾದ ಕೆಲವು ಅಭಿಪ್ರಾಯಗಳನ್ನು ಉಲಮಾಗಳು ಕಟುವಾಗಿ ಖಂಡಿಸಿದರು. ಅವರ ಕೃತಿಗಳ ಪಟ್ಟಿ ಮಾಡಿದ ಬಿರೂನೀ ಕೂಡ ಅವನ್ನು ಒಪ್ಪಲಿಲ್ಲ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಒಪ್ಪದಿದ್ದರೂ ಬಿರೂನೀ 180ಕ್ಕೂ ಹೆಚ್ಚು ಶೀರ್ಷಿಕೆಗಳನ್ನು ಶ್ರದ್ಧೆಯಿಂದ ಪಟ್ಟಿ ಮಾಡಿದರು.

ಬರೆಯದೆ ಕುಳಿತಿದ್ದ ರಾಝೀಯವರನ್ನು ಕಂಡವರು ಕಡಿಮೆ. ತಮ್ಮ ಜೀವನದ ಬಗ್ಗೆ ಬರೆದ ಕೃತಿಯಲ್ಲಿ, ಒಂದೇ ವರ್ಷದಲ್ಲಿ ತಾಯಿತಕ್ಕೆ ಬರೆಯುವಂಥ ಸಣ್ಣ ಅಕ್ಷರಗಳಲ್ಲಿ ಇಪ್ಪತ್ತು ಸಾವಿರ ಹಾಳೆಗಳಿಗೂ ಹೆಚ್ಚು ಬರೆದದ್ದನ್ನು, ದೊಡ್ಡ ಗ್ರಂಥವೊಂದಕ್ಕಾಗಿ ಹದಿನೈದು ವರ್ಷ ಹಗಲಿರುಳು ದುಡಿದದ್ದನ್ನು, ಅದರಿಂದ ದೃಷ್ಟಿ ಮಂದವಾಗಿ ಕೈಯ ಸ್ನಾಯುಗಳು ಸೋತದ್ದನ್ನು ಅವರೇ ತಿಳಿಸುತ್ತಾರೆ. ಆಗಲೂ ಬಿಡಲಿಲ್ಲ, ಬೇರೆಯವರಿಂದ ಓದಿಸಿ ಬರೆಸಿದರು. ರಾಜ್ಯಪಾಲನು ಕೋಪದಿಂದ ಪುಸ್ತಕದಲ್ಲೇ ತಲೆಗೆ ಹೊಡೆಸಿದ್ದರಿಂದ ಕಣ್ಣು ಹೋಯಿತೆಂಬ ಕಥೆಯನ್ನು ಕೆಲವರು ಹೇಳುತ್ತಾರೆ. ಅವರೇ ಕೊಟ್ಟ ಕಾರಣವಿರುವಾಗ ಆ ಕಥೆ ನಮಗೆ ಬೇಕಿಲ್ಲ. ಕೊನೆಗೆ ಕಣ್ಣಿಗೆ ಪೊರೆ ಬಂದು ಪೂರ್ತಿ ಕುರುಡರಾದರು. ಶಸ್ತ್ರಚಿಕಿತ್ಸೆಗೆ ಬಂದವನನ್ನು ಕಣ್ಣಿಗೆ ಎಷ್ಟು ಪದರಗಳಿವೆ ಎಂದು ಕೇಳಿದರಂತೆ. ಅವನು ತಡವರಿಸಿದಾಗ, ಅದನ್ನೇ ತಿಳಿಯದವನು ತಮ್ಮ ಕಣ್ಣಿಗೆ ಉಪಕರಣ ಹಾಕುವುದು ಬೇಡವೆಂದು ಕಳುಹಿಸಿಬಿಟ್ಟರೆಂದು ಪ್ರತೀತಿ. ಮಕ್ಕಳ ಕಣ್ಣು ಉಳಿಸಲು ಅಷ್ಟೊಂದು ಬರೆದವರು ಹುಟ್ಟಿದ ಊರಾದ ರೈನಲ್ಲಿ, ಹಿಜರಿ 313ರ ಶಾಬಾನ್ ತಿಂಗಳಲ್ಲಿ, ಅಂದರೆ 925ರಲ್ಲಿ ತೀರಿಕೊಂಡರು.

ಅವರು ಬಿಟ್ಟುಹೋದ ಟಿಪ್ಪಣಿಗಳ ರಾಶಿ ಅವರ ಸಹೋದರಿಯ ಬಳಿ ಇತ್ತು. ವಝೀರ್ ಇಬ್ನುಲ್ ಅಮೀದ್ ಆಕೆಗೆ ಹಣ ಕೊಟ್ಟು ಅವನ್ನು ಪಡೆದು, ರಾಝೀಯವರ ಶಿಷ್ಯರನ್ನು ಸೇರಿಸಿ ಕ್ರಮಪಡಿಸಿದರು. ಅದೇ ಕಿತಾಬುಲ್ ಹಾವೀ. 1279ರಲ್ಲಿ ಸಿಸಿಲಿಯ ಯಹೂದಿ ವಿದ್ವಾಂಸ ಫರಜ್ ಬಿನ್ ಸಾಲಿಮ್ ಅದನ್ನು ಲ್ಯಾಟಿನ್‌ಗೆ ಅನುವಾದಿಸಿ ಮುಗಿಸಿದರು. 1486ರಲ್ಲಿ ಇಟಲಿಯ ಬ್ರೆಷಿಯಾದಲ್ಲಿ ಅದು ಅಚ್ಚಾಯಿತು. ಅರಬೀ ಮೂಲ ಮಾತ್ರ ಕೈಬರಹದ ಪ್ರತಿಗಳಲ್ಲೇ ಚದುರಿ ಉಳಿದಿತ್ತು. ಅದನ್ನು ಸಂಪಾದಿಸಿ 23 ಸಂಪುಟಗಳಲ್ಲಿ ಮುದ್ರಿಸಿದ್ದು ನಮ್ಮ ಬೀದರ್, ಕಲಬುರಗಿಗಳಿಗೆ ಅಷ್ಟೇನೂ ದೂರವಿಲ್ಲದ ಹೈದರಾಬಾದಿನ ದಾಇರತುಲ್ ಮಆರಿಫಿಲ್ ಉಸ್ಮಾನಿಯಾ ಸಂಸ್ಥೆ. ಮೊದಲ ಸಂಪುಟ 1955ರಲ್ಲಿ ಹೊರಬಂತು.